ಎರಡು ಬೆರಳಲ್ಲಿ ಕ್ಲಚ್ ಹಿಡಿಯಲು ಆಗುತ್ತಿಲ್ಲ, ಲಿವರ್ ಸೆಟ್ ಮಾಡುವುದು ಹೇಗೆ?

ಮಾಲೂರು ಹೆಂಚು
ಎಲ್ಲರಿಗೂ ನಮಸ್ಕಾರ. ನನ್ನದು ಎಕ್ಸ್‌ಪಲ್ಸ್ 200 4ವಿ ಬೈಕ್, ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡಿದ್ದು. ಡಾಂಬರು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಬಂಡೆ, ಕೊರಕಲು ಇರುವ ಬಂಡಿ ದಾರಿಗೆ ಇಳಿದರೆ ಮಾತ್ರ ಸ್ವಲ್ಪ ಹೊತ್ತಿಗೇ ಎಡ ಮುಂಗೈ ಬಿಗಿದುಕೊಂಡು ಬಿಡುತ್ತದೆ. ನಾಲ್ಕೂ ಬೆರಳು ಹಾಕಿ ಎಳೆದರೆ ಹ್ಯಾಂಡಲ್ ಹಿಡಿಯಲು ಹೆಬ್ಬೆರಳು ಬಿಟ್ಟರೆ ಏನೂ ಉಳಿಯುವುದಿಲ್ಲ. ಎರಡೇ ಬೆರಳು ಹಾಕಿದರೆ ಲಿವರ್ ಬಂದು ಉಂಗುರದ ಬೆರಳು, ಕಿರುಬೆರಳಿಗೆ ತಾಗುತ್ತದೆ. ಅಲ್ಲಿಗೆ ಕ್ಲಚ್ ಪೂರ್ತಿ ಬಿಟ್ಟಿರುವುದಿಲ್ಲ, ಅಂದರೆ ಎಂಜಿನ್ನಿನ ಬಲ ಚಕ್ರಕ್ಕೆ ಹೋಗುವುದು ನಿಂತಿರುವುದಿಲ್ಲ, ಗಾಡಿ ಮುಂದಕ್ಕೆ ತಳ್ಳುತ್ತದೆ.

ಸರ್ವೀಸಿಗೆ ಬಿಟ್ಟಾಗ ಕೇಳಿದೆ. "ಈ ಗಾಡಿ ಇರುವುದೇ ಹೀಗೆ" ಎಂದರು. ನನಗೆ ಅದು ಸರಿ ಅನ್ನಿಸಲಿಲ್ಲ. ಶಾರ್ಟ್ ಲಿವರ್ ಹಾಕಿಸಲೇ? ಕೇಬಲ್ ಬದಲು ಎಣ್ಣೆಯ ಒತ್ತಡದಲ್ಲಿ ನಡೆಯುವ ಹೈಡ್ರಾಲಿಕ್ ಮಾಡಿಸಲೇ? ಸ್ಪ್ರಿಂಗ್ ಮೆತ್ತಗಿನದು ಹಾಕಿಸಲೇ? ದುಡ್ಡು ಖರ್ಚು ಮಾಡುವ ಮೊದಲು ತಿಳಿದವರು ಹೇಳಿ.

ರೇಷ್ಮೆ ರಸ್ತೆ
ಕೇಬಲ್ ಹೊಸದು ಹಾಕಿಸಿ ಬ್ರೋ. ಮುಗೀತು.

ಟೊಮೇಟೊ ಮಂಡಿ
ಅಷ್ಟೆಲ್ಲ ಬೇಡ ಗುರು. ಹ್ಯಾಂಡಲ್ ಹತ್ತಿರ ಇರುವ ಅಡ್ಜಸ್ಟರ್ ಹೊರಗೆ ತಿರುಗಿಸಿ ಪ್ಲೇ, ಅಂದರೆ ಕೇಬಲ್ ಎಳೆಯಲು ಶುರುವಾಗುವ ಮೊದಲು ಲಿವರಿನಲ್ಲಿ ಇರುವ ಸಡಿಲ, ಪೂರ್ತಿ ತೆಗೆದುಬಿಡಿ. ಲಿವರ್ ಮುಟ್ಟಿದ ತಕ್ಷಣ ಕ್ಲಚ್ ಬಿಡುತ್ತದೆ. ಬೆರಳಿಗೆ ತಾಗುವ ಮಾತೇ ಇಲ್ಲ.

ಗೇರ್‌ಬಾಕ್ಸ್ ಅಣ್ಣ
ದಯವಿಟ್ಟು ಮೇಲಿನ ಸಲಹೆ ಯಾರೂ ಪಾಲಿಸಬೇಡಿ. ನಾನು ಬಂಗಾರಪೇಟೆಯಲ್ಲಿ ಗ್ಯಾರೇಜ್ ನಡೆಸುತ್ತೇನೆ. ಪ್ಲೇ ಇಲ್ಲದೆ ಓಡಿಸಿ ಪ್ಲೇಟು ಸುಟ್ಟುಕೊಂಡು ಬರುವ ಗಾಡಿಗಳು ನನ್ನಲ್ಲಿಗೆ ಬರುತ್ತಲೇ ಇರುತ್ತವೆ.

ಪ್ಲೇ ಯಾಕೆ ಬೇಕು? ಕ್ಲಚ್ಚಿನ ಒಳಗೆ ಸ್ಪ್ರಿಂಗುಗಳು ಪ್ಲೇಟುಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿರುತ್ತವೆ. ನೀವು ಲಿವರ್ ಎಳೆದರೆ ಆ ಒತ್ತು ಬಿಡುತ್ತದೆ. ಪ್ಲೇ ಒಂಚೂರೂ ಇಲ್ಲದಿದ್ದರೆ, ನೀವು ಕೈ ಬಿಟ್ಟಾಗಲೂ ಕೇಬಲ್ ಸ್ವಲ್ಪ ಎಳೆದೇ ಇರುತ್ತದೆ. ಪ್ಲೇಟು ಪೂರ್ತಿ ಹಿಡಿಯುವುದಿಲ್ಲ, ಜಾರುತ್ತದೆ, ಕಾಯುತ್ತದೆ, ಸವೆಯುತ್ತದೆ. ಪ್ಲೇಟು ಸವೆದಷ್ಟೂ ಪ್ಲೇ ಇನ್ನೂ ಕಮ್ಮಿಯಾಗುತ್ತದೆ. ಹಾಗಾಗಿ ಒಮ್ಮೆ ಜಾರಲು ಶುರುವಾದರೆ ಬೇಗ ಹಾಳಾಗುತ್ತದೆ.

ಲಿವರ್ ತುದಿಯಲ್ಲಿ ಅಳೆದರೆ 10ರಿಂದ 15 ಮಿ.ಮೀ. ಸಡಿಲ ಇರಬೇಕು. ಬುಡದಲ್ಲಿ, ಅಂದರೆ ಹ್ಯಾಂಡಲಿಗೆ ಬಿಗಿದಿರುವ ಕ್ಲಾಂಪಿಗೆ ಲಿವರ್ ಸೇರುವ ಜಾಗದಲ್ಲಿ ನೋಡಿದರೆ 2ರಿಂದ 3 ಮಿ.ಮೀ. ಸಂದು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಇಡಿ.

ಟೊಮೇಟೊ ಮಂಡಿ
ನಾನು ಹೀಗೇ ಓಡಿಸುತ್ತಿದ್ದೇನೆ ಅಣ್ಣ, ಏನೂ ಆಗಿಲ್ಲ.

ಗೇರ್‌ಬಾಕ್ಸ್ ಅಣ್ಣ
ಟಾಪ್ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಒಮ್ಮೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ನೋಡಿ. ಎಂಜಿನ್ ಶಬ್ದ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದೇ ಅರ್ಥ. ನೋಡಿ ಹೇಳಿ.

ಚಾಂಪಿಯನ್ ರೀಫ್
ಹೆಂಚು ಅವರೇ, ನಿಮ್ಮ ಸಮಸ್ಯೆ ಕ್ಲಚ್ಚಿನ ಒಳಗೆ ಇಲ್ಲ. ಲಿವರ್ ಕೂತಿರುವ ಜಾಗದಲ್ಲಿ ಇದೆ. ಶೋರೂಮಿನಿಂದ ಬರುವ ಗಾಡಿಯಲ್ಲಿ ಲಿವರನ್ನು ನಾಲ್ಕು ಬೆರಳಿಗೆ ಹೊಂದಿಸಿ ಕೂರಿಸಿರುತ್ತಾರೆ. ರಸ್ತೆಗೆ ಅದು ಸರಿ. ಕಚ್ಚಾ ದಾರಿಗೆ ನೀವೇ ಬದಲಾಯಿಸಿಕೊಳ್ಳಬೇಕು. ಒಂದು ರೂಪಾಯಿ ಖರ್ಚಿಲ್ಲ.

ಮೊದಲು ಕ್ಲಾಂಪಿನ ಬೋಲ್ಟ್ ಸಡಿಲ ಮಾಡಿ ಇಡೀ ಲಿವರನ್ನು ಹ್ಯಾಂಡಲಿನ ಒಳಭಾಗಕ್ಕೆ, ಅಂದರೆ ಮೀಟರಿನ ಕಡೆಗೆ ಸರಿಸಿ. ಒಂದೂವರೆಯಿಂದ ಎರಡು ಸೆಂಟಿಮೀಟರ್ ಸರಿಸಿದರೂ ದೊಡ್ಡ ವ್ಯತ್ಯಾಸ. ಗುರಿ ಏನೆಂದರೆ, ಕೈ ಗ್ರಿಪ್ಪಿನ ಮೇಲೆ ಸಹಜವಾಗಿ ಇದ್ದಾಗ ನಿಮ್ಮ ತೋರುಬೆರಳು ಮತ್ತು ಮಧ್ಯದ ಬೆರಳು ಲಿವರಿನ ಹೊರತುದಿಯ ಬಾಗಿನ ಹತ್ತಿರ ಕೂರಬೇಕು. ಆಗ ಲಿವರಿನ ತುದಿ ಉಂಗುರದ ಬೆರಳಿನ ಮುಂದೆ ಇರುವುದೇ ಇಲ್ಲ, ಹಾಗಾಗಿ ತಾಗುವುದೂ ಇಲ್ಲ. ಪೂರ್ತಿ ಎಳೆಯಬಹುದು. ಜೊತೆಗೆ ಭಾರವೂ ಕಮ್ಮಿಯಾಗುತ್ತದೆ.

ಆಮೇಲೆ ಕೋನ. ಕೂತು ಸೆಟ್ ಮಾಡಬೇಡಿ. ಸ್ನೇಹಿತನಿಗೆ ಗಾಡಿ ಹಿಡಿಯಲು ಹೇಳಿ, ಫುಟ್‌ರೆಸ್ಟಿನ ಮೇಲೆ ನಿಂತು, ಮಂಡಿ ಸ್ವಲ್ಪ ಬಗ್ಗಿಸಿ, ಮೊಣಕೈ ಹೊರಗೆ ಮಾಡಿ ಹ್ಯಾಂಡಲ್ ಹಿಡಿಯಿರಿ. ಮುಂಗೈ, ಮಣಿಕಟ್ಟು, ಬೆರಳು ಒಂದೇ ನೇರದಲ್ಲಿ ಬರುವ ಹಾಗೆ ಲಿವರ್ ತಿರುಗಿಸಿ. ತೀರಾ ಕೆಳಗೆ ಮಾಡಿದರೆ ಇಳಿಜಾರಿನಲ್ಲಿ ಮೈ ಹಿಂದಕ್ಕೆ ಹೋದಾಗ ಬೆರಳು ಎಟುಕುವುದಿಲ್ಲ. ತೀರಾ ಮೇಲೆ ಮಾಡಿದರೆ ನಿಂತಾಗ ಮಣಿಕಟ್ಟು ಮಡಚಿಕೊಳ್ಳುತ್ತದೆ.

ಇವೆರಡೂ ಆದ ಮೇಲೆ ಕೊನೆಗೆ ಪ್ಲೇ ನೋಡಿ. ಗೇರ್‌ಬಾಕ್ಸ್ ಅಣ್ಣ ಹೇಳಿದ ಅಳತೆಯಲ್ಲಿ ಕಮ್ಮಿ ಕಡೆಗೆ ಇಡಿ. ಈ ಕ್ರಮ ತಪ್ಪಿಸಬೇಡಿ. ಜಾಗ, ಕೋನ, ಪ್ಲೇ.

ವೇಮಗಲ್ ಫಿಸಿಕ್ಸ್
ಚಾಂಪಿಯನ್ ರೀಫ್ ಹೇಳಿದ್ದಕ್ಕೆ ಲೆಕ್ಕ ಕೊಡುತ್ತೇನೆ, ಮಕ್ಕಳಿಗೆ ಸನ್ನೆಯ ಪಾಠ ಮಾಡುವಾಗ ಇದನ್ನೇ ಹೇಳುವುದು. ಲಿವರಿನ ಪಿನ್ನಿನಿಂದ 6 ಸೆಂ.ಮೀ. ದೂರದಲ್ಲಿ ಬೆರಳಿಟ್ಟು ಎಳೆಯಲು 9 ಕೆ.ಜಿ. ಬಲ ಬೇಕು ಎಂದುಕೊಳ್ಳಿ. ಅದೇ ಲಿವರನ್ನು 9 ಸೆಂ.ಮೀ. ದೂರದಲ್ಲಿ ಎಳೆದರೆ 6 ಕೆ.ಜಿ. ಸಾಕು. ಮೂರನೇ ಒಂದು ಭಾಗ ಭಾರ ಕಮ್ಮಿ. ಬಾಗಿಲನ್ನು ಕೀಲಿನ ಹತ್ತಿರ ತಳ್ಳುವುದಕ್ಕೂ ಅಂಚಿನಲ್ಲಿ ತಳ್ಳುವುದಕ್ಕೂ ಇರುವ ವ್ಯತ್ಯಾಸ ಇದೇ ಅಲ್ವಾ. ಆದರೆ ಬೆರಳು ಒಂದೂವರೆ ಪಟ್ಟು ಹೆಚ್ಚು ದೂರ ಚಲಿಸಬೇಕಾಗುತ್ತದೆ. ಅದಕ್ಕೇ ಲಿವರಿಗೆ ಅಡ್ಡ ಬರುವ ಬೆರಳು ಇರಬಾರದು.

ಮಾಲೂರು ಹೆಂಚು
ಈಗಲೇ ಹೋಗಿ ನೋಡಿದೆ. ಸರಿಸಲು ಆಗುತ್ತಿಲ್ಲ. ಇಂಡಿಕೇಟರ್, ಹಾರ್ನ್ ಇರುವ ಸ್ವಿಚ್ ಡಬ್ಬಿ ಅಡ್ಡ ಬರುತ್ತದೆ. ಅದರ ಸ್ಕ್ರೂ ಸಡಿಲ ಮಾಡಿದರೂ ಅಲುಗಾಡುತ್ತಿಲ್ಲ.

ನರಸಾಪುರ ಶಿಫ್ಟ್
ಬಹಳ ಗಾಡಿಗಳಲ್ಲಿ ಸ್ವಿಚ್ ಡಬ್ಬಿಯ ಒಳಗೆ ಒಂದು ಸಣ್ಣ ಮೊಳೆಯಂಥ ಗುಬ್ಬಿ ಇರುತ್ತದೆ. ಅದು ಹ್ಯಾಂಡಲಿನ ತೂತಿಗೆ ಕೂತಿರುತ್ತದೆ, ಡಬ್ಬಿ ತಿರುಗದಿರಲಿ ಎಂದು. ಎರಡೂ ಸ್ಕ್ರೂ ಪೂರ್ತಿ ತೆಗೆದು ಡಬ್ಬಿ ಬಿಡಿಸಿ ನೋಡಿ. ಕಂಡರೆ ಅರದಿಂದ ಉಜ್ಜಿ ಮಟ್ಟ ಮಾಡಿ, ಡಬ್ಬಿಯ ಕೆಳಗೆ ಒಂದು ಸುತ್ತು ರಬ್ಬರ್ ಟೇಪ್ ಹಾಕಿ ಬಿಗಿ ಮಾಡಿ. ಹ್ಯಾಂಡಲಿಗೆ ಹೊಸ ತೂತು ಕೊರೆಯಬೇಡಿ. ತೂತು ಬಿದ್ದ ಜಾಗ ದುರ್ಬಲವಾಗುತ್ತದೆ, ಬಿದ್ದಾಗ ಅಲ್ಲಿಂದಲೇ ಬಗ್ಗುತ್ತದೆ.

ಕ್ಲಾಂಪಿನ ಕೆಳಗೆ ಕ್ಲಚ್ ಸ್ವಿಚ್ಚಿನ ಸಣ್ಣ ವೈರ್ ಇರುತ್ತದೆ. ಸರಿಸುವಾಗ ಅದು ಎಳೆಯದಂತೆ ನೋಡಿಕೊಳ್ಳಿ. ಅದು ಕಿತ್ತರೆ ಗೇರಿನಲ್ಲಿ ಇದ್ದಾಗ ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಮಾವಿನ ತೋಪು
ನಾನು ಶ್ರೀನಿವಾಸಪುರದವಳು, ನನ್ನದೂ ಇದೇ ಗಾಡಿ. ಚಿಕ್ಕ ಕೈ ಇರುವವರ ಪರವಾಗಿ ಒಂದು ಮಾತು. ಇಲ್ಲಿ ಎಲ್ಲರೂ ಪ್ಲೇ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ತೊಂದರೆ ಗ್ರಿಪ್ಪಿಗೂ ಲಿವರಿಗೂ ಇರುವ ದೂರದ್ದು. ಬೆರಳಿನ ತುದಿ ಮಾತ್ರ ತಲುಪುತ್ತಿತ್ತು. ತುದಿಯಿಂದ ಎಳೆದರೆ ಬಲವೇ ಬರುವುದಿಲ್ಲ. ಬೆರಳಿನ ಮೊದಲ ಗೆಣ್ಣು ಲಿವರಿನ ಮೇಲೆ ಕೂರಬೇಕು.

ಈ ಗಾಡಿಯ ಕ್ಲಚ್ ಲಿವರಿಗೆ ದೂರ ಹೊಂದಿಸುವ ತಿರುಪು ಇಲ್ಲ. ಹಾಗಾಗಿ ನಾನು ತಿರುಪು ಇರುವ ಶಾರ್ಟ್ ಲಿವರ್ ಹಾಕಿಸಿದೆ. ಈಗ ಆರಾಮಾಗಿದೆ. ಹೆಂಚು ಅವರಿಗೆ ಅದು ಬೇಡ ಅನ್ನುವುದು ಸರಿಯಿರಬಹುದು. ಎಲ್ಲರಿಗೂ ಬೇಡ ಅನ್ನಬೇಡಿ.

ಚಾಂಪಿಯನ್ ರೀಫ್
ಅಕ್ಕ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ದೂರ ಬೇರೆ, ಪ್ಲೇ ಬೇರೆ. ಒಂದು ಎಚ್ಚರ ಮಾತ್ರ. ಲಿವರನ್ನು ಗ್ರಿಪ್ಪಿನ ಹತ್ತಿರ ತಂದಷ್ಟೂ ಎಳೆಯಲು ಉಳಿಯುವ ಜಾಗ ಕಮ್ಮಿ. ಹತ್ತಿರ ತಂದ ಮೇಲೆ ಒಂದನೇ ಗೇರಿಗೆ ಹಾಕಿ ಕ್ಲಚ್ ಪೂರ್ತಿ ಬಿಡುತ್ತಿದೆಯೇ ನೋಡಬೇಕು. ಗಾಡಿ ತೆವಳಿದರೆ, ನ್ಯೂಟ್ರಲ್ ಸಿಗಲು ಕಷ್ಟವಾದರೆ, ತಿರುಪನ್ನು ಒಂದು ಹಲ್ಲು ತಿರುಗಿಸಿ ಲಿವರ್ ದೂರ ಮಾಡಿ.

ಗೇರ್‌ಬಾಕ್ಸ್ ಅಣ್ಣ
ಶಾರ್ಟ್ ಲಿವರ್ ತೆಗೆದುಕೊಳ್ಳುವವರು ತುದಿಯಲ್ಲಿ ಗುಂಡು ಇರುವುದನ್ನೇ ತೆಗೆದುಕೊಳ್ಳಿ. ಇರುವ ಲಿವರನ್ನು ಗರಗಸದಲ್ಲಿ ಕತ್ತರಿಸಿ ಚೂಪು ಬಿಡುವವರನ್ನು ನೋಡಿದ್ದೇನೆ. ಬಿದ್ದಾಗ ತೊಡೆಗೆ, ಹೊಟ್ಟೆಗೆ ಚುಚ್ಚುತ್ತದೆ. ಗುಂಡು ತುದಿ ಇರುವುದೇ ಅದಕ್ಕೆ. ತೀರಾ ಅಗ್ಗದ ಲಿವರಿನಲ್ಲಿ ಪಿನ್ನಿನ ತೂತು ದೊಡ್ಡದಾಗಿರುತ್ತದೆ, ಮೇಲೆ ಕೆಳಗೆ ಅಲುಗಾಡುತ್ತದೆ. ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ನೋಡಿ.

ರೇಷ್ಮೆ ರಸ್ತೆ
ನಾನು ಮತ್ತೆ ಹೇಳುತ್ತೇನೆ, ಕೇಬಲ್. ಸೆಕೆಂಡ್ ಹ್ಯಾಂಡ್ ಗಾಡಿ ಎಂದಿದ್ದಾರೆ. ಹಳೆ ಕೇಬಲ್ ಇಟ್ಟುಕೊಂಡು ಲಿವರ್ ಎಲ್ಲಿ ಸರಿಸಿದರೂ ಭಾರವೇ.

ನರಸಾಪುರ ಶಿಫ್ಟ್
ರೇಷ್ಮೆ ರಸ್ತೆ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಹಾಕಿಸುವ ಮೊದಲು ಪರೀಕ್ಷೆ ಮಾಡಿ. ಎಂಜಿನ್ ಕಡೆಯ ತುದಿ ಬಿಡಿಸಿ, ಒಳಗಿನ ತಂತಿಯನ್ನು ಕೈಯಲ್ಲಿ ಆ ಕಡೆ ಈ ಕಡೆ ಎಳೆಯಿರಿ. ಬೆಣ್ಣೆಯಂತೆ ಅಲ್ಲದಿದ್ದರೂ ತಡೆ ಇಲ್ಲದೆ ಜಾರಬೇಕು. ಎಲ್ಲಾದರೂ ಕರಕರ ಎಂದರೆ ಒಳಗೆ ಧೂಳು ಕೂತಿದೆ. ತುದಿಯಲ್ಲಿ ಒಂದು ಎಳೆ ಬಿಚ್ಚಿಕೊಂಡಿದ್ದರೂ ಹೊಸದೇ ಹಾಕಿ, ಅದು ದಾರಿಯಲ್ಲಿ ಕೈ ಕೊಡುತ್ತದೆ. ನಮ್ಮ ಕಡೆ ಕ್ರಷರ್ ಪುಡಿ ಹಾರುವ ರಸ್ತೆಗಳೇ ಜಾಸ್ತಿ, ಕೇಬಲ್ ಬೇಗ ಹಾಳಾಗುತ್ತದೆ.

ಕೇಬಲ್ ಹೋಗುವ ದಾರಿಯನ್ನೂ ನೋಡಿ. ಎಲ್ಲೂ ಮಡಚಿರಬಾರದು, ದೊಡ್ಡ ಬಾಗಿನಲ್ಲಿ ಹೋಗಬೇಕು. ನ್ಯೂಟ್ರಲ್‌ನಲ್ಲಿ ಗಾಡಿ ನಿಲ್ಲಿಸಿ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಪ್ಲೇ ಹೆಚ್ಚು ಕಮ್ಮಿಯಾದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ. ಲಿವರ್ ಒಳಕ್ಕೆ ಸರಿಸಿದ ಮೇಲೆ ಇದನ್ನು ಮತ್ತೊಮ್ಮೆ ನೋಡಲೇಬೇಕು, ಕೇಬಲ್ಲಿನ ಬಾಗು ಬದಲಾಗಿರುತ್ತದೆ.

ಆವಣಿ ಸವಾರ
ಕೇಬಲ್ಲಿಗೆ ಗ್ರೀಸ್ ತುಂಬಿಸಿದರೆ ಸಾಕಲ್ವಾ?

ಗೇರ್‌ಬಾಕ್ಸ್ ಅಣ್ಣ
ಗಟ್ಟಿ ಗ್ರೀಸ್ ಬೇಡ. ಒಳಗೆ ಪ್ಲಾಸ್ಟಿಕ್ ಪದರ ಇರುವ ಕೇಬಲ್ಲಿನಲ್ಲಿ ಗ್ರೀಸು ಧೂಳು ಹಿಡಿದು ಕೆಸರಾಗುತ್ತದೆ. ತೆಳು ಎಣ್ಣೆ ಸಾಕು. ಲಿವರ್ ಕಡೆಯ ತುದಿಗೆ ಪ್ಲಾಸ್ಟಿಕ್ ಕವರನ್ನು ಆಲಿಕೆಯ ಹಾಗೆ ಟೇಪಿನಿಂದ ಕಟ್ಟಿ, ಸ್ವಲ್ಪ ಎಣ್ಣೆ ಹಾಕಿ, ರಾತ್ರಿ ನೇತು ಹಾಕಿಬಿಡಿ. ಬೆಳಗ್ಗೆ ಕೆಳಗಿನ ತುದಿಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿರಬೇಕು. ಗ್ರೀಸು ಬೇಕಿರುವುದು ಲಿವರಿನ ಪಿನ್ನಿಗೆ ಮತ್ತು ಕೇಬಲ್ ತುದಿಯ ಉಂಡೆ ಕೂರುವ ಜಾಗಕ್ಕೆ. ಅಲ್ಲಿ ಯಾರೂ ಹಚ್ಚುವುದಿಲ್ಲ. ಪಿನ್ನಿನ ಬೋಲ್ಟನ್ನು ಜೋರಾಗಿ ಬಿಗಿ ಮಾಡಿದರೆ ಲಿವರೇ ಸಿಕ್ಕಿಕೊಳ್ಳುತ್ತದೆ. ಬೋಲ್ಟ್ ಹದವಾಗಿ ಬಿಗಿದು ಕೆಳಗಿನ ನಟ್ಟಿನಿಂದ ಲಾಕ್ ಮಾಡಿ.

ಇನ್ನೊಂದು. ಪ್ಲೇ ಸೆಟ್ ಮಾಡುವಾಗ ಮೊದಲು ಹ್ಯಾಂಡಲ್ ಕಡೆಯ ಅಡ್ಜಸ್ಟರನ್ನು ಬಹುತೇಕ ಒಳಗೆ ತಿರುಗಿಸಿ. ಎಂಜಿನ್ ಕಡೆಯ ಎರಡು ನಟ್ಟಿನಲ್ಲಿ ಒರಟಾಗಿ ಸೆಟ್ ಮಾಡಿ. ಮಿಕ್ಕಿದ್ದನ್ನು ಮೇಲೆ ಸರಿ ಮಾಡಿಕೊಳ್ಳಿ. ಆಗ ದಾರಿಯಲ್ಲಿ ಬೇಕಾದರೆ ತಿರುಗಿಸಲು ಮೇಲೆ ಜಾಗ ಉಳಿದಿರುತ್ತದೆ. ಅಡ್ಜಸ್ಟರಿನ ಸೀಳು ಕ್ಲಾಂಪಿನ ಸೀಳಿಗೆ ಸರಿಯಾಗಿ ಎದುರು ನಿಲ್ಲದಿರಲಿ, ನೀರು ಧೂಳು ಅಲ್ಲಿಂದಲೇ ಒಳಗೆ ಹೋಗುತ್ತದೆ.

ಆವಣಿ ಸವಾರ
ದಾರಿಯಲ್ಲಿ ಯಾಕೆ ತಿರುಗಿಸಬೇಕು? ಒಮ್ಮೆ ಸೆಟ್ ಮಾಡಿದರೆ ಮುಗಿಯಿತಲ್ಲ.

ಚಾಂಪಿಯನ್ ರೀಫ್
ಏರಿನಲ್ಲಿ ಹಾಫ್ ಕ್ಲಚ್ ಜಾಸ್ತಿ ಹೊತ್ತು ಹಿಡಿದರೆ ಪ್ಲೇಟುಗಳು ಕಾದು ಉಬ್ಬುತ್ತವೆ. ಆಗ ಪ್ಲೇ ಹೆಚ್ಚಾಗುತ್ತದೆ, ಲಿವರ್ ಸಡಿಲ ಅನ್ನಿಸುತ್ತದೆ, ಕ್ಲಚ್ ಪೂರ್ತಿ ಬಿಡುವುದಿಲ್ಲ.

ಟೊಮೇಟೊ ಮಂಡಿ
ಉಲ್ಟಾ ಹೇಳುತ್ತಿದ್ದೀರಿ. ಗೇರ್‌ಬಾಕ್ಸ್ ಅಣ್ಣ ಪ್ಲೇ ಕಮ್ಮಿಯಾಗುತ್ತದೆ ಎಂದರು, ನೀವು ಹೆಚ್ಚಾಗುತ್ತದೆ ಎನ್ನುತ್ತೀರಿ. ಯಾರದು ಸರಿ?

ಗೇರ್‌ಬಾಕ್ಸ್ ಅಣ್ಣ
ಎರಡೂ ಸರಿ. ಸವೆದರೆ ಪ್ಲೇಟಿನ ಕಟ್ಟು ತೆಳುವಾಗುತ್ತದೆ, ಪ್ಲೇ ಕಮ್ಮಿ. ಕಾದರೆ ಕಟ್ಟು ದಪ್ಪವಾಗುತ್ತದೆ, ಪ್ಲೇ ಜಾಸ್ತಿ. ಅಪಾಯ ಎಲ್ಲಿದೆ ಎಂದರೆ, ಕಾದಾಗ ಅಡ್ಜಸ್ಟರ್ ತಿರುಗಿಸಿ ಪ್ಲೇ ತೆಗೆದವರು ಗಾಡಿ ತಣ್ಣಗಾದ ಮೇಲೆ ವಾಪಸ್ ಮಾಡುವುದಿಲ್ಲ. ಮಾರನೇ ದಿನ ಪ್ಲೇಯೇ ಇರುವುದಿಲ್ಲ, ಕ್ಲಚ್ ಜಾರಲು ಶುರು. ಸಾಧ್ಯವಾದರೆ ತಿರುಗಿಸದೆ ಹತ್ತು ನಿಮಿಷ ನಿಲ್ಲಿಸಿ ನೀರು ಕುಡಿಯಿರಿ.

ಕಲ್ಲುಬಂಡೆ
ಹಗುರ ಮಾಡಲು ಇನ್ನೊಂದು ದಾರಿ ಇದೆ. ಎಂಜಿನ್ ಮೇಲೆ ಕೇಬಲ್ ಎಳೆಯುವ ಸಣ್ಣ ಕೈ ಇದೆಯಲ್ಲ, ಅದಕ್ಕೆ ಪಟ್ಟಿ ಸೇರಿಸಿ ಉದ್ದ ಮಾಡಿದರೆ ಒಂದು ಬೆರಳು ಸಾಕು.

ವೇಮಗಲ್ ಫಿಸಿಕ್ಸ್
ಹಗುರವಾಗುತ್ತದೆ. ಆದರೆ ಪುಕ್ಕಟೆ ಸಿಗುವುದಿಲ್ಲ. ಲಿವರ್ ಎಳೆಯುವ ಕೇಬಲ್ಲಿನ ಉದ್ದ ಅಷ್ಟೇ ಇರುತ್ತದೆ. ಕೈ ಉದ್ದವಾದರೆ ಅದು ತಿರುಗುವ ಕೋನ ಕಮ್ಮಿ, ಪ್ಲೇಟುಗಳು ಬಿಡಿಸಿಕೊಳ್ಳುವ ಅಂತರವೂ ಕಮ್ಮಿ. ಹೆಂಚು ಅವರ ದೂರೇ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂಬುದು. ಅವರಿಗೆ ಇದು ತಕ್ಕ ಮದ್ದಲ್ಲ.

ಗೇರ್‌ಬಾಕ್ಸ್ ಅಣ್ಣ
ಮೆತ್ತಗಿನ ಸ್ಪ್ರಿಂಗೂ ಬೇಡ. ಲಿವರ್ ಹಗುರ ಆಗುತ್ತದೆ, ಜೋರು ಕೊಟ್ಟಾಗ ಪ್ಲೇಟು ಜಾರುತ್ತದೆ. ಹೈಡ್ರಾಲಿಕ್ ಕಿಟ್ ಚೆನ್ನಾಗಿದೆ, ಆದರೆ ಈ ಬೆಲೆಯ ಗಾಡಿಗೆ ಆ ದುಡ್ಡು ಹಾಕುವುದಕ್ಕೆ ನಾನು ಹೇಳುವುದಿಲ್ಲ. ಎಣ್ಣೆಯ ಬಗ್ಗೆಯೂ ಎಚ್ಚರ. ಈ ಕ್ಲಚ್ ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಎಂಬ ಬೈಕ್ ಎಣ್ಣೆಯ ದರ್ಜೆ ಬರೆದಿರಬೇಕು. ಕಾರಿನ ಎಣ್ಣೆ ಹಾಕಿದರೆ ಜಾರುತ್ತದೆ.

ಆವಣಿ ಸವಾರ
ಚಾಂಪಿಯನ್ ರೀಫ್ ಅವರೇ, ಅಂದಹಾಗೆ ನಿಮ್ಮೂರು ಕೆಜಿಎಫ್‌ನ, ಅಂದರೆ ಕೋಲಾರ ಚಿನ್ನದ ಗಣಿಯ, ಸೈನೈಡ್ ದಿಬ್ಬಗಳ ಮೇಲೆ ಓಡಿಸುವುದು ಹೇಗಿದೆ? ಆ ಮರಳಲ್ಲಿ ಕ್ಲಚ್ ಅಭ್ಯಾಸ ಮಾಡಬೇಕು ಅಂತ ಆಸೆ.

ಚಾಂಪಿಯನ್ ರೀಫ್
ಬರಬೇಡಿ ಎಂದೇ ಹೇಳುತ್ತೇನೆ. ಅದು ಮರಳಲ್ಲ, ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ. 2001ರಲ್ಲಿ ಗಣಿ ಮುಚ್ಚಿತು, ದಿಬ್ಬಗಳು ಹಾಗೇ ಉಳಿದವು. ಗಾಳಿ ಬೀಸಿದರೆ ಆ ಪುಡಿ ನಮ್ಮ ಮನೆಯೊಳಗೆ ಬರುತ್ತದೆ. ಅಡುಗೆ ಪಾತ್ರೆಗಳ ಮೇಲೂ ಕೂರುತ್ತದೆ. ಚಕ್ರ ಉರುಳಿದರೆ ಇನ್ನೂ ಏಳುತ್ತದೆ. ನಿಮಗೆ ಒಂದು ಭಾನುವಾರದ ಖುಷಿ, ನಮಗೆ ದಿನಾ ಉಸಿರಾಡುವ ಗಾಳಿ.

ಕಲ್ಲುಬಂಡೆ
ಅಂತರಗಂಗೆ ಬೆಟ್ಟದ ಕಡೆಯೂ ಗಾಡಿ ಹತ್ತಿಸಬೇಡಿ. ಅದು ಅರಣ್ಯ. ನಮ್ಮಂಥವರು ಒಬ್ಬರು ತಪ್ಪು ಮಾಡಿದರೆ ಎಲ್ಲ ಸವಾರರಿಗೂ ಕೆಟ್ಟ ಹೆಸರು.

ಮಾವಿನ ತೋಪು
ಹಾಗಾದರೆ ಅಭ್ಯಾಸ ಎಲ್ಲಿ ಮಾಡುವುದು? ಮೊದಲು ಒಣಗಿದ ಕೆರೆ ಅಂಗಳ ಇರುತ್ತಿತ್ತು.

ನರಸಾಪುರ ಶಿಫ್ಟ್
2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದ ಮೇಲೆ ನಮ್ಮ ಕಡೆಯ ಕೆರೆಗಳು ತುಂಬಿವೆ. ಆ ನೀರಿನ ಗುಣಮಟ್ಟದ ಜಗಳ ಬೇರೆ ಇದೆ. ಕೆರೆ ತುಂಬಿದ್ದಕ್ಕೆ ನಾನಂತೂ ಬೇಸರ ಮಾಡುವುದಿಲ್ಲ. ದುಡ್ಡು ಕೊಟ್ಟು ಕಲಿಯುವುದಾದರೆ ಕೋಲಾರದ ಹತ್ತಿರವೇ ಬಿಗ್ ರಾಕ್ ಡರ್ಟ್ ಪಾರ್ಕ್ ಇದೆ. 2015ರಲ್ಲಿ ಡಕಾರ್ ರ್‍ಯಾಲಿ ಪೂರ್ತಿ ಮಾಡಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕಟ್ಟಿದ್ದು. ಇಲ್ಲದಿದ್ದರೆ ಕೊಯ್ಲು ಮುಗಿದ ಹೊಲ, ಒಡೆಯರನ್ನು ಕೇಳಿಕೊಂಡು.

ಮಾಲೂರು ಹೆಂಚು
ಎಲ್ಲರಿಗೂ ಧನ್ಯವಾದ. ಸ್ವಿಚ್ ಡಬ್ಬಿಯಲ್ಲಿ ಗುಬ್ಬಿ ಇತ್ತು, ಉಜ್ಜಿ ತೆಗೆದೆ. ಲಿವರ್ ಒಳಕ್ಕೆ ಸರಿಸಿದೆ, ನಿಂತುಕೊಂಡು ಕೋನ ಸರಿ ಮಾಡಿದೆ. ಕೇಬಲ್ ಬಿಡಿಸಿ ಎಳೆದರೆ ಕರಕರ ಎಂದಿತು. ರೇಷ್ಮೆ ರಸ್ತೆ ಅವರೇ, ಹೊಸದು ಹಾಕಿದೆ. ಈಗ ಎರಡು ಬೆರಳಲ್ಲಿ ಪೂರ್ತಿ ಬಿಡುತ್ತದೆ, ಗಾಡಿ ತೆವಳುವುದಿಲ್ಲ. ಉಂಗುರದ ಬೆರಳಿಗೆ ತಾಗುವುದಿಲ್ಲ. ಏರಿನಲ್ಲಿ ಒಂದೇ ಬೆರಳು ಹಾಕಲು ಆಗುತ್ತಿದೆ, ಆದರೆ ಕೈ ಇನ್ನೂ ಸ್ವಲ್ಪ ಬಿಗಿಯುತ್ತದೆ.

ರೇಷ್ಮೆ ರಸ್ತೆ
ಹೇಳಿದ್ದೆನಲ್ಲ!

ಚಾಂಪಿಯನ್ ರೀಫ್
ಉಳಿದ ಬಿಗಿತ ಲಿವರಿನದಲ್ಲ. ನೀವು ಗಾಡಿಯನ್ನು ಕೈಯಲ್ಲಿ ಹಿಡಿದಿದ್ದೀರಿ. ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿಯಿರಿ, ಕಾಲಿನ ಮೇಲೆ ಭಾರ ಬಿಡಿ. ಕೈ ಹ್ಯಾಂಡಲನ್ನು ತಿರುಗಿಸಲು ಮಾತ್ರ. ಬೇಡದ ಕಡೆ ಕ್ಲಚ್ಚಿನ ಮೇಲಿನ ಬೆರಳು ಸುಮ್ನೆ ಲಿವರಿನ ಮೇಲೆ ಇರಲಿ, ಎಳೆಯಬೇಡಿ. ದಪ್ಪ ಗ್ಲೌಸ್ ಇದ್ದರೆ ತೆಳು ಅಂಗೈಯದು ಹಾಕಿ ನೋಡಿ.

ಕ್ಲಾಂಪಿನ ಬೋಲ್ಟನ್ನು ಕಲ್ಲಿನ ಹಾಗೆ ಬಿಗಿಯಬೇಡಿ. ಕೈಯಿಂದ ಜೋರಾಗಿ ತಳ್ಳಿದರೆ ತಿರುಗುವಷ್ಟು ಇರಲಿ. ಬಿದ್ದಾಗ ಲಿವರ್ ತಿರುಗಿಕೊಳ್ಳುತ್ತದೆ, ಮುರಿಯುವುದಿಲ್ಲ. ಕ್ಲಾಂಪಿನ ಕೆಳಗೆ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಎರಡು ಸುತ್ತು ಹಾಕಿದರೆ ಸಲೀಸಾಗಿ ತಿರುಗುತ್ತದೆ.

ಕಲ್ಲುಬಂಡೆ
ಕನ್ನಡಿ ಅದೇ ಕ್ಲಾಂಪಿನ ಮೇಲೆ ಇದ್ದರೆ? ಸಡಿಲ ಬಿಟ್ಟರೆ ರಸ್ತೆಯಲ್ಲಿ ಕನ್ನಡಿ ಗಾಳಿಗೆ ತಿರುಗುತ್ತದೆ.

ಚಾಂಪಿಯನ್ ರೀಫ್
ಹೌದು, ಅದೊಂದು ತೊಂದರೆ. ರಸ್ತೆಯಲ್ಲಿ ಹೋಗುವಾಗ ಸ್ವಲ್ಪ ಬಿಗಿ, ಕಚ್ಚಾ ದಾರಿಗೆ ಇಳಿಯುವ ಮುಂಚೆ ಕನ್ನಡಿ ಬಿಚ್ಚಿ ಬ್ಯಾಗಿಗೆ ಹಾಕಿ ಸ್ವಲ್ಪ ಸಡಿಲ. ವಾಪಸ್ ರಸ್ತೆಗೆ ಬರುವಾಗ ಕನ್ನಡಿ ಹಾಕಲೇಬೇಕು.

ಮಾವಿನ ತೋಪು
ಮುಂದಿನ ಬ್ರೇಕ್ ಲಿವರಿಗೂ ಇದೇ ಕ್ರಮವೇ?

ಗೇರ್‌ಬಾಕ್ಸ್ ಅಣ್ಣ
ಜಾಗ ಮತ್ತು ಕೋನ ಹಾಗೇ, ಎರಡೂ ಕೈ ಒಂದೇ ರೀತಿ ಇರಬೇಕು. ಒಂದು ವ್ಯತ್ಯಾಸ, ಬ್ರೇಕಿನ ಕ್ಲಾಂಪ್ ಮೇಲೆ ಎಣ್ಣೆಯ ಡಬ್ಬಿ ಇರುತ್ತದೆ. ತೀರಾ ತಿರುಗಿಸಿದರೆ ಡಬ್ಬಿ ವಾಲುತ್ತದೆ, ಗಾಳಿ ಸೇರಬಹುದು. ಪೈಪು ಹ್ಯಾಂಡಲ್ ತಿರುಗಿಸಿದಾಗ ಎಳೆಯುತ್ತಿದೆಯೇ ನೋಡಿ. ಆಕ್ಸಿಲರೇಟರ್ ತಾನಾಗಿ ವಾಪಸ್ ಬರುತ್ತಿದೆಯೇ ಎಂದೂ ನೋಡಿ, ಆ ಕಡೆಯ ಡಬ್ಬಿ ಸರಿಸಿದರೆ ಅದು ಸಿಕ್ಕಿಕೊಳ್ಳುವುದುಂಟು.

ನರಸಾಪುರ ಶಿಫ್ಟ್
ಕೇಬಲ್ ತರಲು ಹೋಗುವವರು ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಪಕ್ಕದಲ್ಲಿಟ್ಟು ಉದ್ದ ನೋಡಿ. ಹೊಸದು ಹಾಕಿದ ಮೇಲೆ ಮೊದಮೊದಲು ಸ್ವಲ್ಪ ಹಿಗ್ಗುತ್ತದೆ, ಪ್ಲೇ ಮತ್ತೊಮ್ಮೆ ಅಳೆಯಿರಿ. ಹೆಂಚು ಅವರೇ, ನಿಮ್ಮ ಹಳೆ ಕೇಬಲ್ಲಿನ ಎಳೆ ಬಿಚ್ಚಿಲ್ಲದಿದ್ದರೆ ಎಸೆಯಬೇಡಿ. ಎಣ್ಣೆ ಹಾಕಿ, ಸುತ್ತಿ, ಸೀಟಿನ ಕೆಳಗೆ ಇಟ್ಟುಕೊಳ್ಳಿ.